ಕಾಲುವೆ ಕುಡಿದ ನಲವತ್ತು ನಿಮಿಷ

ಹೋದ ತಿಂಗಳು ಪಾಂಡವಪುರದ ಒಂದು ವೇ ಬ್ರಿಡ್ಜಿನಲ್ಲಿ ನಮ್ಮ ಟ್ರಾಕ್ಟರು ತೂಕಕ್ಕೆ ನಿಂತಿತ್ತು. ಗಾಜಿನ ಗೂಡಿನೊಳಗಿದ್ದ ಗುಮಾಸ್ತ ಗುಂಡಿ ಒತ್ತಿದ. ಹಳೇ ಕಾಲದ ಪ್ರಿಂಟರೊಂದು ಕಿರ್ರ್ ಕಿರ್ರ್ ಎಂದು ಅತ್ತಿಂದಿತ್ತ ಓಡಾಡಿ ಚೀಟಿ ಉಗುಳಿತು. ಬಿಸಿಯಾದ ರಿಬ್ಬನ್ನಿನ ಮಸಿ ವಾಸನೆ ಕಿಟಕಿಯಿಂದ ಹೊರಬಂದು ಮೂಗಿಗೆ ಬಡಿಯಿತು. "ಒಂದ್ ಚೀಟಿ ಕೈಲಿ ಬರ್ದು ಕೊಡಕ್ಕೆ ಏನ್ ರೋಗ ನಿಮ್ಗೆ?" ಎಂದು ರೇಗಿಬಿಟ್ಟೆ. ಅವನು ನನ್ನ ನರೆತ ತಲೆ ನೋಡಿ ಚೀಟಿ ಹರಿದು ಕೈಗಿತ್ತ. ಪಾಪ, ಅವನ ತಪ್ಪೇನಿತ್ತು. ಆ ಸದ್ದೂ ಆ ವಾಸನೆಯೂ ಒಟ್ಟಿಗೆ ಬಂದರೆ ಯಾರ ಮೇಲಾದರೂ ಹರಿಹಾಯದೆ ಇರಲು ನನ್ನಿಂದ ಆಗುವುದಿಲ್ಲ. ಮೂವತ್ತು ವರ್ಷವಾಗುತ್ತ ಬಂತು, ಆ ಒಂದು ಕಾರ್ತೀಕದ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಎಲ್ಲರ ಮೇಲೂ ಎನ್ನುತ್ತೇನೆ, ನನ್ನನ್ನೂ ಸೇರಿಸಿ.

ತೊಂಬತ್ತೈದರ ಆಸುಪಾಸು. ನಾನು ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದೆ. ನಮ್ಮೂರು ಪಾಂಡವಪುರಕ್ಕೂ ಕೆ.ಆರ್.ಪೇಟೆಗೂ ನಡುವೆ, ಯಾವ ಬಸ್ಸೂ ಹೇಳಿದ ಹೊತ್ತಿಗೆ ಬಾರದ ಜಾಗದಲ್ಲಿದೆ. ಆ ವರ್ಷ ಪಾಂಡವಪುರದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲೆ ಕಂಪ್ಯೂಟರ್ ಕ್ಲಾಸು ಶುರುವಾಯಿತು. ಮೂರು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ ಕೈಕೈ ಕುಲುಕುತ್ತಿರುವ ಕೋಟಿನ ಗಂಡಸರ ಚಿತ್ರ. ಕೆಳಗಿನಿಂದ ಯೂರಿಯಾ ವಾಸನೆ. ಧೂಳು ಬರುತ್ತದೆಂದು ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಡಿಸುತ್ತಿದ್ದರು. ನಡೆಸುತ್ತಿದ್ದವರು ಮೈಸೂರಿನ ಪ್ರಸಾದ್ ಎಂಬುವರು. ಎಂಥ ಸೆಕೆಯಲ್ಲೂ ಟೈ ಬಿಚ್ಚದ ಮನುಷ್ಯ. ಅವರು ಕಲಿಸುತ್ತಿದ್ದದ್ದು ಕೋಬಾಲ್.

ಕೋಬಾಲ್ ಎಂಬ ಕಂಪ್ಯೂಟರ್ ಭಾಷೆಯ ಹೆಸರಿನಲ್ಲೇ ವ್ಯಾಪಾರ ಸೇರಿಕೊಂಡಿದೆ. ಬ್ಯಾಂಕು, ವಿಮೆ, ದೊಡ್ಡ ಕಾರ್ಖಾನೆಗಳ ಸಂಬಳದ ಪಟ್ಟಿಗೆಂದೇ ಹುಟ್ಟಿದ್ದು. ಎರಡು ಅಂಕಿ ಕೂಡಬೇಕಾದರೂ ನಿನ್ನ ಹೆಸರೇನು, ಯಾವ ಯಂತ್ರ, ಎಷ್ಟೆಷ್ಟು ಅಕ್ಷರಕ್ಕೆ ಜಾಗ ಬೇಕು, ಏನು ಮಾಡಬೇಕು ಎಂದು ನಾಲ್ಕು ಭಾಗಗಳಲ್ಲಿ ಅರ್ಜಿ ತುಂಬಿಕೊಡಬೇಕು. ತಾಲ್ಲೂಕು ಕಚೇರಿಯ ಗುಮಾಸ್ತನೊಬ್ಬ ಕೂತು ಕಟ್ಟಿದ ಹಾಗಿತ್ತು. ಒಂದು ಚುಕ್ಕಿ ಮರೆತರೆ ಪುಟಗಟ್ಟಲೆ ತಪ್ಪು ತೋರಿಸಿ ಮಾನ ಕಳೆಯುತ್ತಿತ್ತು. ಪ್ರಸಾದ್ ಸರ್ ನಮಗೆ ಆರು ತಿಂಗಳು ಹೇಳಿಕೊಟ್ಟದ್ದು ಒಂದೇ ಪಾಠ: ಯಾವುದೋ ಕಂಪನಿಯ ನೂರು ನೌಕರರ ಸಂಬಳದ ಪಟ್ಟಿ. ಆ ಕಂಪನಿಯನ್ನು ಕಂಡವರಿಲ್ಲ, ಆ ನೌಕರರು ಹುಟ್ಟೇ ಇರಲಿಲ್ಲ. ನಾವು ಮಾತ್ರ ದಿನಾ ಅವರಿಗೆ ಸಂಬಳ ಕೊಡುತ್ತಿದ್ದೆವು.

ಭಾನುವಾರ ಪ್ರಸಾದ್ ಸರ್ ಮೈಸೂರಿಗೆ ಹೋಗುತ್ತಿದ್ದರು. ಬೀಗದ ಕೈ ಇರ್ಫಾನನ ಹತ್ತಿರ ಇರುತ್ತಿತ್ತು. ಇರ್ಫಾನ್ ಗಂಜಾಂನವನು, ಕ್ಲಾಸಿನ ಯಂತ್ರಗಳನ್ನು ನೋಡಿಕೊಳ್ಳುತ್ತ ತಾನೂ ಕಲಿಯುತ್ತಿದ್ದ. ಮೊದಲು ಕೆಟ್ಟದ್ದು ಅವನೇ. ಸಂಬಳದ ಪಟ್ಟಿಯಲ್ಲಿ ನೌಕರರ ಹೆಸರು ಕಿತ್ತುಹಾಕಿ ಶ್ರೀರಂಗಪಟ್ಟಣದ ಕಡೆಯಿಂದ ಬರುವ ಬಸ್ಸುಗಳನ್ನು ತುಂಬಿದ. ತಡವಾಗಿ ಬಂದ ಬಸ್ಸಿಗೆ ಅರ್ಧ ದಿನದ ರಜೆ ಕಡಿತ. ತಿಂಗಳ ಕೊನೆಗೆ ಬೆಳಗಿನ ಏಳೂವರೆಯ ಬಸ್ಸು ಕೆಲಸದಿಂದ ವಜಾ ಆಗಿತ್ತು. ಆ ವಜಾ ಪತ್ರವನ್ನು ಅಚ್ಚುಹಾಕಿ ಕಂಡಕ್ಟರ ಕೈಗೇ ಕೊಟ್ಟು ಬಂದ. ಕಂಡಕ್ಟರ್ ಅದನ್ನು ಡ್ರೈವರ ಸೀಟಿನ ಹಿಂದೆ ಅಂಟಿಸಿಕೊಂಡು ಒಂದು ವಾರ ಓಡಾಡಿದನಂತೆ.

ಆಮೇಲೆ ನಾವೂ ಕೆಟ್ಟೆವು. ನಾಗಮಂಗಲದ ವಿಮಲ ತನ್ನನ್ನು ನೋಡಿಹೋದ ಗಂಡುಗಳಿಗೆಲ್ಲ ಕಂಪನಿಯ ಧಾಟಿಯಲ್ಲಿ ನಿರಾಕರಣೆಯ ಪತ್ರ ಹೊರಡಿಸಿದಳು. ಅರ್ಜಿ ಪರಿಶೀಲಿಸಲಾಗಿದೆ, ಸದ್ಯ ಹುದ್ದೆ ಖಾಲಿ ಇಲ್ಲ. ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೆವು. ನಾನು ನಕ್ಷತ್ರದ ಗುರುತುಗಳಿಂದ ಹದಿನೈದು ಚುಕ್ಕಿಯ ರಂಗೋಲಿ ಅಚ್ಚುಹಾಕಿದೆ. ಸಾಲಿಗೊಬ್ಬ ನೌಕರ, ಅವನ ಸಂಬಳ ಎಷ್ಟೋ ಅಷ್ಟು ಚುಕ್ಕಿ. ಸುದ್ದಿ ಹರಡಿ ಭಾನುವಾರಕ್ಕೆ ಹತ್ತು ಹನ್ನೆರಡು ಜನ ಸೇರತೊಡಗಿದರು. ಕೆ.ಆರ್.ಪೇಟೆ ಕಡೆಯ ಡೈರಿ ಕಾರ್ಯದರ್ಶಿಯೊಬ್ಬರು ಎಮ್ಮೆಗಳಿಗೆ ಹಾಜರಿ ಪುಸ್ತಕ ಮಾಡಿಕೊಂಡು ಹೋದರು. ಮೂರು ಕಂಪ್ಯೂಟರಿನ ಮುಂದೆ ಜಗಳವಾಡಿಕೊಂಡು, ಒಬ್ಬರ ಫ್ಲಾಪಿ ಒಬ್ಬರು ಕದ್ದು, ಕಡಲೆಕಾಯಿ ತಿಂದು ಸಿಪ್ಪೆ ಗುಡಿಸಿ ಎದ್ದು ಬರುತ್ತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿ ನಾನು ಯಾರೊಂದಿಗೂ ಜಗಳವಾಡಿಲ್ಲ.

ಒಂದು ಸೋಮವಾರ ಪ್ರಸಾದ್ ಸರಿಗೆ ಸವೆದ ರಿಬ್ಬನ್ನೂ ಮೇಜಿನಡಿ ಬಿದ್ದಿದ್ದ ನನ್ನ ರಂಗೋಲಿಯೂ ಸಿಕ್ಕಿದವು. "ಇದು ಕಂಪನಿ ಭಾಷೆ ಕಣಮ್ಮ. ಇದರಲ್ಲಿ ರಂಗೋಲಿ ಬಿಡೋಕೆ ನಿಮ್ಮನೆ ಬಾಗಿಲು ಸಾರಿಸಿದ ನೆಲಾನಾ?" ಎಂದು ಎಲ್ಲರೆದುರು ಹರಿದು ಹಾಕಿದರು. ನಾನೂ ಬಿಡಲಿಲ್ಲ. "ಇಲ್ದೇ ಇರೋ ಕಂಪನಿಗೆ ಸಂಬಳ ಅಂಚೋದಕ್ಕಿಂತ ಇದೇ ವಾಸಿ ಸರ್" ಎಂದೆ. ಒಂದು ವಾರ ನನ್ನನ್ನು ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಭಾನುವಾರಗಳು ಮಾತ್ರ ನಿಲ್ಲಲಿಲ್ಲ, ರಿಬ್ಬನ್ನನ್ನು ನಾವೇ ತರತೊಡಗಿದೆವು.

ನನ್ನ ಜೊತೆ ಕ್ಲಾಸಿಗೆ ಬರುತ್ತಿದ್ದ ಮಾದೇಶ ನಮ್ಮೂರಿನವನೇ. ಅವನ ಅಪ್ಪ ನಿಂಗಯ್ಯ ನಮ್ಮ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಕೆರೆ ತಗ್ಗಿದಾಗ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನಡೆಸುವುದು, ಇದು ಅವರ ಮನೆಗೆ ತಲೆತಲಾಂತರದಿಂದ ಬಂದ ಕೆಲಸ. ಅದಕ್ಕೆ ಊರು ಕೊಡುತ್ತಿದ್ದದ್ದು ಆಯ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದಿಷ್ಟು ಭತ್ತ, ಒಂದಿಷ್ಟು ಹುಲ್ಲು. ಗೇಣು ಜಮೀನಿಲ್ಲದ ಆ ಮನೆಯ ವರ್ಷದ ಊಟ ಅದೇ. ನಮ್ಮ ಮನೆಯಲ್ಲಿ ಮೊನ್ನೆ ಹುಟ್ಟಿದ ಕೂಸೂ ಅವರನ್ನು ನಿಂಗ ಎಂದೇ ಕರೆಯುತ್ತಿತ್ತು. ಬಯಲಿನಲ್ಲಿ ಮಾತ್ರ ಅವರ ಮಾತಿಗೆ ನಮ್ಮ ದೊಡ್ಡಪ್ಪನೂ ಎದುರಾಡುವ ಹಾಗಿರಲಿಲ್ಲ. ದೊಡ್ಡಪ್ಪ ಊರ ಯಜಮಾನ, ಗದ್ದೆ ತೂಬಿನ ಬುಡದಲ್ಲಿ. ಆದರೆ ನಮ್ಮೂರ ಕಟ್ಟುಪಾಡಿನಂತೆ ನೀರು ಮೊದಲು ಹೋಗಬೇಕಾದದ್ದು ಕಾಲುವೆಯ ಕಟ್ಟಕಡೆಯ ಗದ್ದೆಗೆ. ಅಲ್ಲಿಂದ ಒಬ್ಬೊಬ್ಬರೇ ಮೇಲಕ್ಕೆ. ಯಜಮಾನರ ಸರದಿ ಕೊನೆಗೆ. ಕಣ್ಣೆದುರೇ ನೀರು ಹರಿದುಹೋಗುವುದನ್ನು ನೋಡುತ್ತ ನಾಲ್ಕು ದಿನ ಕಾಯುವುದು ದೊಡ್ಡಪ್ಪನಿಗೆ ಯಾವತ್ತೂ ಹಿಡಿಸಿದ್ದಿಲ್ಲ.

ಆ ಕಾರ್ತೀಕದಲ್ಲಿ ಹಿಂಗಾರು ಕೈಕೊಟ್ಟಿತು. ಭತ್ತ ಹೊಡೆ ಕಟ್ಟಿ, ತೆನೆಯನ್ನು ಒಳಗಿಟ್ಟುಕೊಂಡು ನಿಂತಿತ್ತು, ಕೆರೆಯಲ್ಲಿ ನೀರು ಅರ್ಧಕ್ಕಿಂತ ಕೆಳಗೆ. ಸರದಿ ಶುರುವಾಯಿತು. ಒಂದು ಭಾನುವಾರ ಕ್ಲಾಸಿನಲ್ಲಿ ಮಾದೇಶ ಮೆತ್ತಗೆ ಬಾಯಿ ಬಿಟ್ಟ. "ಜಯ, ನಮ್ಮಪ್ಪ ಮಾಡಾದೂ ಇದೇ ಅಲ್ವಾ? ನೌಕರ್ರ ಜಾಗ್ದಲ್ಲಿ ಗದ್ದೆ, ಗಂಟೆ ಜಾಗ್ದಲ್ಲಿ ನೀರು. ಇಷ್ಟನ್ನೂವೆ ತಲೇಲೇ ಇಟ್ಕಂಡವ್ನೆ. ಅದ್ನ ಕಂಪನಿ ಪಟ್ಟಿ ತರ ಅಚ್ಚಾಕಿ ಅವ್ನ್ ಕೈಗೆ ಕೊಡಬೇಕು ಅಂತ ಆಸೆ." ಅವನ ಮುಖ ನೋಡಿದೆ. ರಂಗೋಲಿ, ಬಸ್ಸು, ಎಮ್ಮೆ ಎಲ್ಲ ಮಕ್ಕಳಾಟ ಅನ್ನಿಸಿತು. ಆ ಕ್ಷಣವೇ ಒಪ್ಪಿದೆ.

ನಾನು, ಮಾದೇಶ ಇಬ್ಬರೂ ಕೈಗಡಿಯಾರ ಇಟ್ಟುಕೊಂಡು ನಾಲ್ಕು ದಿನದ ಒಂದು ಸುತ್ತು ಪೂರ್ತಿ ಬಯಲಿನಲ್ಲಿ ಕೂತೆವು. ನಮ್ಮೂರಲ್ಲಿ ರಾತ್ರಿ ತೂಬು ಎತ್ತುವ ವಾಡಿಕೆ ಇಲ್ಲ, ಬೆಳಕಿನಲ್ಲೇ ಎಲ್ಲ. ನಿಂಗಯ್ಯನ ಹತ್ತಿರ ಗಡಿಯಾರ ಇರಲಿಲ್ಲ. ಬದುವಿನ ಮೇಲೆ ಒಂದು ಕಡ್ಡಿ ನೆಟ್ಟು, ನೆರಳಿನ ತುದಿಗೆ ಹುಲ್ಲಿನ ಗರಿ ಇಡುತ್ತಿದ್ದರು. ನೆರಳು ಗರಿಯನ್ನು ದಾಟಿದರೆ ಮಡೆ ಕಟ್ಟಿ ನೀರನ್ನು ಮುಂದಿನವರಿಗೆ ತಿರುಗಿಸುತ್ತಿದ್ದರು. ಯಾರ ಗದ್ದೆಗೆ ಎಷ್ಟು ನಿಮಿಷ ಎಂದು ಬರೆದುಕೊಂಡೆವು. ಮೊದಲ ಬೆಳಗ್ಗೆಯೇ ನನಗೆ ಅವಸರ. ತೂಬು ಎತ್ತಿ ಎಷ್ಟು ಹೊತ್ತಾದರೂ ಕಟ್ಟಕಡೆಯ ಕೆಂಪಮ್ಮನ ಗದ್ದೆಗೆ ನೀರಿಲ್ಲ. ನಿಂಗಯ್ಯ ಕಡ್ಡಿಯನ್ನೂ ನೆಟ್ಟಿಲ್ಲ. "ಇನ್ನೂ ಸರದಿ ಸುರು ಮಾಡಿಲ್ವಾ ನೀವು?" ಎಂದು ಕೇಳಿದೆ.

"ಮೊದ್ಲು ಕಾಲುವೆ ಕುಡೀಬೇಕು ಕಣವ್ವ, ಆಮೇಲೆ ಪೈರು. ಅದು ಒಟ್ಟೆ ತುಂಬುಸ್ಕಳ್ದೆ ನೀರ ಮುಂದಕ್ಕೆ ಬುಡಾಕಿಲ್ಲ. ಆ ಒತ್ತು ಯಾರ್ದೂ ಅಲ್ಲ," ಎಂದರು ನಿಂಗಯ್ಯ.

ಮುದುಕರು ಏನೋ ಚೆಂದವಾಗಿ ಮಾತಾಡುತ್ತಾರೆ ಅಂದುಕೊಂಡೆ. ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಲು ಜಾಗವೂ ಇರಲಿಲ್ಲ. ಸಂಬಳದ ಪಟ್ಟಿಯಲ್ಲಿ ಪ್ರತಿ ಗಂಟೆಗೂ ಒಬ್ಬ ನೌಕರ ಇರುತ್ತಾನೆ, ಯಾರದೂ ಅಲ್ಲದ ಗಂಟೆ ಎಂಬುದು ಕಂಪನಿಗಳಲ್ಲಿ ಇಲ್ಲ.

ಪ್ರೋಗ್ರಾಮಿನಲ್ಲಿ ಯಾರಿಗೆ ಎಷ್ಟು ಜಾಗ ಎಂದು ಹೇಳುವ ಭಾಗ ನನ್ನದು, ಲೆಕ್ಕದ ಭಾಗ ಮಾದೇಶನದು. ಎರಡು ಭಾನುವಾರ ಹಿಡಿಯಿತು. ತೂಬು ಎತ್ತುವ ಬೆಳಗಿನ ಆರರಿಂದ ಶುರುಮಾಡಿ ನಿಮಿಷಕ್ಕೆ ನಿಮಿಷ ಜೋಡಿಸಿ ನಾಲ್ಕು ದಿನದ ಪಟ್ಟಿ ಹೊರಬಂತು. ಹೆಸರು, ಗದ್ದೆ, ಇಷ್ಟರಿಂದ ಇಷ್ಟರವರೆಗೆ. ಇರ್ಫಾನ್ ಅದನ್ನು ಬೆಳಕಿಗೆ ಹಿಡಿದು ನೋಡಿ ಸಿಳ್ಳೆ ಹಾಕಿದ. ಮಾದೇಶ ಒಂದು ಪ್ರತಿಯನ್ನು ಮಡಚದೆ ಸುರುಳಿ ಸುತ್ತಿಕೊಂಡ. "ಅಪ್ಪಂಗೆ ಕೊಡಗಂಟ ಯಾರ್ಗೂ ತೋರುಸ್ಬ್ಯಾಡ ಜಯ" ಎಂದ. ಹೂಂ ಎಂದೆ.

ಆ ಸಂಜೆಯೇ ನನ್ನ ಪ್ರತಿಯನ್ನು ದೊಡ್ಡಪ್ಪನ ಮುಂದೆ ಹಾಸಿದೆ. ಯಾಕೆ ಎಂದರೆ, ಡಿಗ್ರಿ ಮಾಡಿ ಮನೆಯಲ್ಲಿ ಕೂತವಳು ಪೇಟೆಗೆ ಹೋಗಿ ಏನು ಕಡಿದು ಗುಡ್ಡೆ ಹಾಕುತ್ತಿದ್ದಾಳೆ ಎಂದು ಅವರು ದಿನಾ ಹಂಗಿಸುತ್ತಿದ್ದರು. ಹೊಗಳಿಸಿಕೊಳ್ಳುವ ಚಪಲ, ಬೇರೇನಿಲ್ಲ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ನನ್ನಿಂದ ಒಂದೊಂದೇ ಸಾಲು ಓದಿಸಿಕೊಂಡರು. ತಮ್ಮ ಸರದಿ ನಿಂಗಯ್ಯನ ಲೆಕ್ಕಕ್ಕಿಂತ ಅರ್ಧ ಗಂಟೆಯ ಮೇಲೆ ಮುಂಚೆ ಬಂದಿರುವುದು ಅವರಿಗೆ ಕೂಡಲೇ ಕಂಡಿತು. ಆ ಅರ್ಧ ಗಂಟೆ ಎಲ್ಲಿಂದ ಬಂತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. "ಬಲೇ ಕಣವ್ವ," ಎಂದರು. ಆಮೇಲೆ ಜಗಲಿಯ ಮೇಲಿದ್ದವರ ಕಡೆ ತಿರುಗಿ, "ಕಂಪ್ಯೂಟ್ರೇ ಯೋಳ್ತದೆ ಅಂದ್ಮೇಲೆ ಆ ನಿಂಗನ್ಗೆ ಯಾಕ್ಲಾ ಆಯ ಕೊಡಬೇಕು? ತೂಬ ಎತ್ತಕ್ಕೆ ನಮ್ಮನೆ ಆಳೇ ಸಾಕು" ಎಂದರು.

ಆ ಮಾತಿಗೆ ನಾನು ಬಾಯಿ ತೆರೆಯಬೇಕಿತ್ತು. ಪ್ರಸಾದ್ ಸರಿಗೆ ಎದುರುತ್ತರ ಕೊಟ್ಟವಳು, ಬಸ್ಸಿನಲ್ಲಿ ಕಂಡಕ್ಟರ ಜೊತೆ ಕಿತ್ತಾಡುವವಳು, ಅಂದು ಬಲೇ ಎನ್ನಿಸಿಕೊಂಡು ಸುಮ್ಮನೆ ನಿಂತಿದ್ದೆ. ಮಾರನೆಯ ದಿನ ಪಟ್ಟಿ ಅರಳಿಕಟ್ಟೆಯ ಪಕ್ಕದ ಗೋಡೆಯ ಮೇಲಿತ್ತು. ಮಾದೇಶ ಸುರುಳಿ ಬಿಚ್ಚುವ ಮೊದಲೇ ಅವನ ಅಪ್ಪನಿಗೆ ಸುದ್ದಿ ಮುಟ್ಟಿತ್ತು. ವಿಷಯ ತಿಳಿದ ಪ್ರಸಾದ್ ಸರ್ ಸ್ಕೂಟರಿನಲ್ಲಿ ನಮ್ಮೂರಿಗೆ ಬಂದು ದೊಡ್ಡಪ್ಪನ ಪಕ್ಕ ಪಟ್ಟಿ ಹಿಡಿದು ಫೋಟೋ ತೆಗೆಸಿಕೊಂಡರು. ರಂಗೋಲಿ ಹರಿದ ಕೈಯೇ ಅದು. ಕ್ಲಾಸಿನ ಗೋಡೆಯ ಮೇಲಿದ್ದ ಕೋಟಿನ ಗಂಡಸರ ಪಕ್ಕ ಆ ಫೋಟೋ ಬಂದು ಕೂತಿತು.

ಪಟ್ಟಿಯ ಪ್ರಕಾರ ಮೊದಲ ದಿನ ಬೆಳಗಿನ ಆರರಿಂದ ಏಳು ಹತ್ತರವರೆಗೆ ಕೆಂಪಮ್ಮನ ಸರದಿ. ಗಂಡ ಸತ್ತಮೇಲೆ ಅರ್ಧ ಎಕರೆಯನ್ನು ಒಬ್ಬಳೇ ಗೇಯುತ್ತಿದ್ದ ಹೆಂಗಸು. ಏಳು ಹತ್ತಕ್ಕೆ ಸರಿಯಾಗಿ ಮೇಲಿನ ಗದ್ದೆಯವನು ಗಡಿಯಾರ ತೋರಿಸಿ ಮಡೆ ಕಟ್ಟಿದ. ಮೂರು ಸುತ್ತು ಹೀಗೇ ಆಯಿತು. ಹದಿನೈದು ದಿನ ಕಳೆಯುವುದರೊಳಗೆ ಕೆಂಪಮ್ಮನ ಗದ್ದೆಯ ನೆಲ ಬಿರಿಯಿತು, ಹೊಡೆ ಬಿಚ್ಚದೆ ತೆನೆ ಒಳಗೇ ಬಿಳಿಚಿಕೊಂಡಿತು. ಅವಳು ಒಣಗಿದ ಪೈರನ್ನು ಬೇರು ಸಮೇತ ಕಿತ್ತು ತಂದು ಕಟ್ಟೆಯ ಮೇಲೆ ಎಸೆದಳು. "ನಿಮ್ ಕಾಗ್ದಕ್ಕೆ ಬೆಂಕಿ ಆಕ. ನನ್ ಅರ್ಧ ಎಕ್ರೆ ತಿನ್ಕಂಡು ಯಾವ್ ಪುರುಷಾರ್ಥ ಸಾಧುಸ್ದ್ರಿ?"

ಪಂಚಾಯ್ತಿ ಸೇರಿತು. ಅದರ ಹಿಂದಿನ ದಿನ ಬೆಳಗ್ಗೆ ನಾನು ಯಾರಿಗೂ ಹೇಳದೆ ಕೆರೆಯ ಏರಿಗೆ ಹೋಗಿದ್ದೆ. ಆಳು ತೂಬು ಎತ್ತಿದ ಕ್ಷಣದಿಂದ ನೀರಿನ ಮುಂದಲೆಯ ಜೊತೆ ಜೊತೆಗೇ ಕಾಲುವೆಯ ಬದುವಿನ ಮೇಲೆ ನಡೆದೆ. ಒಣಗಿ ಸೀಳಿದ ಮಣ್ಣು ನೀರನ್ನು ಹೀರುತ್ತಿತ್ತು. ಒಂದು ಮಾರು ಹೋಗುತ್ತದೆ, ನಿಲ್ಲುತ್ತದೆ, ತುಂಬಿಕೊಂಡು ಮತ್ತೆ ಒಂದು ಮಾರು. ಕೆಂಪಮ್ಮನ ಬದುವಿಗೆ ಮುಟ್ಟಿದಾಗ ಗಡಿಯಾರದಲ್ಲಿ ಆರು ನಲವತ್ತು. ಅವಳ ಎಪ್ಪತ್ತು ನಿಮಿಷದಲ್ಲಿ ನಲವತ್ತನ್ನು ಕಾಲುವೆ ಕುಡಿದಿತ್ತು. ನನಗೆ ಅಲ್ಲೇ ಗೊತ್ತಾಯಿತು. ಕಾಲಿನ ಕೆಸರು ತೊಳೆದುಕೊಂಡು ಮನೆಗೆ ಬಂದೆ.

ಕಟ್ಟೆಯ ಮೇಲೆ ದೊಡ್ಡಪ್ಪ ಮಾತು ತೆಗೆದರು. "ಕೆಲ್ಸ ವೋಯ್ತು ಅನ್ನೋ ಒಟ್ಟೆಕಿಚ್ಚಿಗೆ ನಿಂಗ ಕಾಲುವೇಲಿ ಎಲ್ಲೋ ಮಣ್ಣಾಕವ್ನೆ. ಅದ್ಕೇ ಕೊನೇಗ್ ನೀರ್ ವೋಗಿಲ್ಲ. ಕಾಗ್ದುದ್ದೇನೂ ತಪ್ಪಿಲ್ಲ."

ನಿಂಗಯ್ಯ ಕೆಳಗೆ ನಿಂತಿದ್ದರು. "ನಾನ್ ನೀರ್ಗೆ ಮಣ್ಣಾಕ್ತೀನಾ ಬುದ್ದಿ?" ಎಂದಷ್ಟೇ ಕೇಳಿದರು.

ಮಾದೇಶ ಮುಂದೆ ಬಂದ. "ಪಟ್ಟಿ ತಪ್ಪು ಬುದ್ದಿ. ಬರ್ದೋನು ನಾನು, ನಾನೇ ಯೋಳ್ತಾ ಇವ್ನಿ. ಕಾಲುವೆ ನೆನ್ಯೋ ಒತ್ತ ನಾವು ಸೇರುಸ್ಲಿಲ್ಲ. ಬೇಕಾರೆ ಜಯಕ್ಕನ್ನ ಕೇಳಿ."

ಊರಿಗೆ ಊರೇ ನನ್ನ ಕಡೆ ತಿರುಗಿತು. ದೊಡ್ಡಪ್ಪ ನಿಧಾನಕ್ಕೆ ಕೇಳಿದರು. "ಏನವ್ವಾ ಜಯ, ನೀನು ಓದ್ದೋಳು. ನಿನ್ ಪಟ್ಟಿ ತಪ್ಪಾಗಿ ಅದಾ, ಸರಿಯಾಗಿ ಅದಾ? ಅದೊಂದ್ ಯೋಳ್ಬುಡು."

ದೊಡ್ಡಪ್ಪನ ಭಯ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಭಯವಿರಲಿಲ್ಲ. ಗೋಡೆಯ ಮೇಲಿದ್ದದ್ದು ನಾನು ಮಾಡಿದ್ದು. ಊರಿನ ಗಂಡಸರೆಲ್ಲ ಹದಿನೈದು ದಿನದಿಂದ ಅದರ ಮುಂದೆ ಕತ್ತೆತ್ತಿ ನಿಂತು ಓದುತ್ತಿದ್ದರು. ಅದು ತಪ್ಪು ಎಂದು ಅವರೆದುರು ಹೇಳಲು ನನ್ನ ನಾಲಿಗೆ ಏಳಲಿಲ್ಲ.

"ಪಟ್ಟಿ ಸರಿಯಾಗೇ ಅದೆ ದೊಡ್ಡಪ್ಪ," ಎಂದೆ.

ಮಾದೇಶ ತಿರುಗಿ ನನ್ನನ್ನೇ ನೋಡಿದ. ನಿಂಗಯ್ಯ ಮಾತ್ರ ನೋಡಲೇ ಇಲ್ಲ. ಅವರು ಸನಿಕೆಯನ್ನು ಹೆಗಲಿನಿಂದ ಇಳಿಸಿ, ಕಟ್ಟೆಗೆ ಒರಗಿಸಿ, ತಮ್ಮ ಬೀದಿಯ ಕಡೆ ಹೊರಟರು. ಆ ವರ್ಷದಿಂದ ಆಯ ನಿಂತಿತು.

ಅಷ್ಟಕ್ಕೇ ಮುಗಿದಿದ್ದರೆ ಪಟ್ಟಿ ಇನ್ನೆರಡು ಸುತ್ತಿನಲ್ಲಿ ಇನ್ನೊಬ್ಬರ ಗದ್ದೆ ಒಣಗಿಸುತ್ತಿತ್ತು, ಊರು ನಿಂಗಯ್ಯನ ಮನೆ ಬಾಗಿಲಿಗೆ ಹೋಗಿ ಕರೆಯುತ್ತಿತ್ತು. ನಾನು ಅದಕ್ಕೂ ಬಿಡಲಿಲ್ಲ. ತಪ್ಪು ತಿದ್ದಿದರೆ ಪಾಪ ಕಳೆಯುತ್ತದೆ ಎಂದುಕೊಂಡೆನೋ, ತಪ್ಪಿರುವ ಪ್ರೋಗ್ರಾಮನ್ನು ಹಾಗೇ ಬಿಡಲು ಕೈ ಬರಲಿಲ್ಲವೋ, ಈಗಲೂ ಹೇಳಲಾರೆ. ಒಬ್ಬಳೇ ಪಾಂಡವಪುರಕ್ಕೆ ಹೋದೆ. ಕೋಬಾಲಿನಲ್ಲಿ ಒಂದು ಅನುಕೂಲ ಇದೆ. ಜಾಗ ಬೇಕು, ಆದರೆ ಆ ಜಾಗಕ್ಕೆ ಹೆಸರು ಬೇಡ ಎನ್ನುವಾಗ ಫಿಲ್ಲರ್ ಎಂದು ಬರೆದರೆ ಸಾಕು. ಅದನ್ನು ಯಾರೂ ಕರೆಯುವ ಹಾಗಿಲ್ಲ, ಸುಮ್ಮನೆ ಜಾಗ ಹಿಡಿದುಕೊಂಡಿರುತ್ತದೆ. ಪ್ರತಿ ದಿನದ ಪಟ್ಟಿಯ ತಲೆಯಲ್ಲಿ ಹೆಸರಿನ ಜಾಗಕ್ಕೆ ಅದನ್ನು ಇಟ್ಟೆ. ಕಟ್ಟಕಡೆಯ ಬಯಲಿಗೆ ನಲವತ್ತು ನಿಮಿಷ, ನಡುವಿನದಕ್ಕೆ ಇಪ್ಪತ್ತೈದು, ತೂಬಿನ ಹತ್ತಿರ ಐದು. "ಕಂಪ್ಯೂಟ್ರಿಗೆ ನಮ್ ಕಾಲುವೆ ಅಭ್ಯಾಸ ಆಗಿರ್ಲಿಲ್ಲ ದೊಡ್ಡಪ್ಪ, ಈಗ ಆಯ್ತು" ಎಂದೆ. ನಂಬಿದರು.

ಆ ಪಟ್ಟಿ ಆಮೇಲೆ ಒಂದು ದಿನವೂ ತಪ್ಪಲಿಲ್ಲ. ಕೆಂಪಮ್ಮನ ಬೆಳೆ ಅರ್ಧಕ್ಕರ್ಧ ಜೊಳ್ಳಾಗಿತ್ತು, ಉಳಿದ ಪೈರಿಗೆ ನೀರು ಹತ್ತಿತು. ಪಕ್ಕದ ಎರಡು ಊರಿನವರು ಬಂದು ನಮಗೂ ಮಾಡಿಕೊಡಿ ಎಂದರು. ನಿಂಗಯ್ಯನನ್ನು ಯಾರೂ ಕರೆಯಲಿಲ್ಲ. ಭಾನುವಾರಗಳಿಗೆ ಮಾದೇಶ ಬರುವುದು ಬಿಟ್ಟ, ನನಗೂ ಹೋಗಲು ಮುಖವಿರಲಿಲ್ಲ. ಇರ್ಫಾನ್ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಕ್ಯಾ ಕರ್ ದಿಯಾ ತುಮ್ನೇ, ಜಯ, ಏನ್ ಮಾಡ್ಬಿಟ್ಟೆ" ಎಂದು ಕೇಳಿ ತನ್ನ ಬಸ್ಸು ಹತ್ತಿದ.

ಹೊಸ ಪಟ್ಟಿ ಅಂಟಿಸಿದ ದಿನ ಕಟ್ಟೆಯ ಹತ್ತಿರ ಏಳೆಂಟು ಜನ ನಿಂತಿದ್ದರು. ಮಾದೇಶ ಹಿಂದಿನಿಂದ ಬಂದು ಗೋಡೆಯ ಮುಂದೆ ನಿಂತ. ಮೇಲಿನಿಂದ ಕೆಳಗೆ ಓದಿದ. ಬೆಳಿಗ್ಗೆ ಆರರಿಂದ ಆರು ನಲವತ್ತರವರೆಗೆ ಹೆಸರಿಲ್ಲದ ಆ ಮೊದಲ ಸಾಲಿನ ಮೇಲೆ ಬೆರಳಿಟ್ಟ. ಅದು ಏನೆಂದು ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತಿತ್ತು.

"ಈ ಕಾಲಿ ಜಾಗ್ದಲ್ಲಿ ನಮ್ಮಪ್ಪನ ಎಸ್ರ ಬರ್ದ್ಬುಡಿ ಜಯಕ್ಕ," ಎಂದ.

ನಾನು ಬರೆಯಲಿಲ್ಲ. ಬರೆದಿದ್ದರೆ ದೊಡ್ಡಪ್ಪ ಆ ಹಾಳೆಯನ್ನು ಹರಿದು ಹಾಕುತ್ತಿದ್ದರು, ಅಷ್ಟೇ. ಇನ್ನೊಂದು ಅಚ್ಚುಹಾಕಲು ನನಗೆ ಎರಡು ನಿಮಿಷ ಸಾಕಿತ್ತು.